ಒಡೆದ ಹಾಲು, ಹೆಪ್ಪಾದ ಮೊಸರು: ಆ ಟ್ಯೂಬಿನಲ್ಲಿ ಕಂಡಿದ್ದೇನು?

ಇವತ್ತು ಹಾಲಿನ ಮಾತು. ಮುಳಬಾಗಿಲು ತಾಲ್ಲೂಕಿನ ಬೈರಕೂರಿನಲ್ಲಿ ಒಬ್ಬ ಅಕ್ಕ ನನ್ನ ಹತ್ತಿರ ಹೇಳಿಕೊಂಡ ಸಂಗತಿಯಿಂದಲೇ ಶುರು ಮಾಡ್ತೀನಿ.

ಬೆಳಿಗ್ಗೆ ಕರೆದ ಹಾಲನ್ನು ಆಕೆ ಒಪ್ಪಿಸೋಕೆ ಹೋಗಿದ್ದಾರೆ. ಅಲ್ಲಿದ್ದವರು ಟ್ಯೂಬಿಗೆ ಸ್ವಲ್ಪ ಹಾಲು, ಅಷ್ಟೇ ಆಲ್ಕೋಹಾಲ್ ಹಾಕಿ ಅಲ್ಲಾಡಿಸಿದ್ದಾರೆ. ಗಾಜಿಗೆ ರವೆಯಂಥ ಬಿಳಿ ಚೂರುಗಳು ಅಂಟಿಕೊಂಡಿವೆ. ‘ರಾತ್ರಿ ಹಾಲು ಬೆರೆಸಿದ್ದೀಯಮ್ಮ’ ಅಂತ ಕ್ಯಾನ್ ವಾಪಸ್. ಮನೆಗೆ ತಂದು ಕಾಯಿಸಿದರೆ ಹಾಲು ಒಡೀಲಿಲ್ಲ, ಹೆಪ್ಪು ಹಾಕಿದರೆ ಮೊಸರೂ ಆಯ್ತು. ‘ನಾನು ಬೆರೆಸಿಲ್ಲ ಸಾರ್. ಹಾಗಾದ್ರೆ ಆ ಟ್ಯೂಬಲ್ಲಿ ಕಂಡಿದ್ದೇನು?’ ಅಂದರು. ಆ ಹೊತ್ತಿನ ಹಾಲಿನ ದುಡ್ಡು ಹೋಯ್ತು, ಅದಕ್ಕಿಂತ ಹೆಚ್ಚಾಗಿ ನಾಲ್ಕು ಜನರ ಮುಂದೆ ಮರ್ಯಾದೆ ಹೋಯ್ತು.

ಉತ್ತರ ಇರೋದು ಹಾಲಿನೊಳಗೇ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ಪ್ರೋಟೀನ್ ಬರೀ ಮೂರು, ಮೂರೂವರೆ ಪಾಲು. ಅದರಲ್ಲಿ ಶೇ 80ರಷ್ಟು ಕೇಸಿನ್. ಇದು ಸಕ್ಕರೆಯ ಹಾಗೆ ಕರಗಿರಲ್ಲ. ಕ್ಯಾಲ್ಸಿಯಂ ಫಾಸ್ಫೇಟ್ ಜತೆ ಸೇರಿ ಪುಟ್ಟ ಉಂಡೆಗಳಾಗಿ ತೇಲಾಡುತ್ತೆ. ಒಂದು ಮಿಲಿಮೀಟರ್ ಉದ್ದದಲ್ಲಿ ಐದರಿಂದ ಹತ್ತು ಸಾವಿರ ಉಂಡೆಗಳನ್ನು ಸಾಲಾಗಿ ನಿಲ್ಲಿಸಬಹುದು. ಹೀಗೆ ಕರಗದೆ, ತಳಕ್ಕೂ ಇಳಿಯದೆ ಕಣಗಳು ತೇಲುವ ದ್ರವಕ್ಕೆ ಶಾಲೆಯ ಪುಸ್ತಕದಲ್ಲಿ ‘ಕಲಿಲ’ ಅಂತ ಓದಿರ್ತೀರಿ. ಇಂಗ್ಲಿಷಿನ ‘ಕೊಲಾಯ್ಡ್’ ಎಂಬ ಹೆಸರನ್ನು 1861ರಲ್ಲಿ ಥಾಮಸ್ ಗ್ರಹಾಂ ಕೊಟ್ಟರು. ಗ್ರೀಕಿನಲ್ಲಿ ಅಂಟು ಅನ್ನೋ ಪದದಿಂದ.

ಉಂಡೆಗಳು ಸದಾ ಒಂದಕ್ಕೊಂದು ಡಿಕ್ಕಿ ಹೊಡೀತಾನೇ ಇರ್ತವೆ. ಆದರೂ ಅಂಟಲ್ಲ. ಯಾಕಂದ್ರೆ ಪ್ರತಿ ಉಂಡೆಯ ಮೈಮೇಲೆ ಕೂದಲಿನಂಥ ಎಳೆಗಳಿವೆ, ಜತೆಗೆ ಋಣ ವಿದ್ಯುದಾವೇಶ ಇದೆ. ರಶ್ ಬಸ್ಸಿನಲ್ಲಿ ಎಲ್ಲರೂ ಮೊಣಕೈ ಅಡ್ಡ ಇಟ್ಟುಕೊಂಡು ನಿಂತ ಹಾಗೆ.

ಹೆಪ್ಪು ಹಾಕಿದಾಗ (ಬೈರಕೂರಿನ ಕಡೆ ತೆಲುಗು ಮಾತಾಡೋ ಮನೆಗಳಲ್ಲಿ ‘ತೋಡು’ ಅಂದರೂ ಇದೇ) ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತೆ. 6.6ರ ಆಸುಪಾಸಿನಲ್ಲಿದ್ದ ಪಿಎಚ್ ನಿಧಾನಕ್ಕೆ 4.6ರ ಕಡೆ ಇಳಿಯುತ್ತೆ. ಆವೇಶ ಸಾಯುತ್ತೆ, ಕೂದಲು ಮಲಗುತ್ತೆ. ಈಗ ಮುಟ್ಟಿದ್ದೆಲ್ಲ ಅಂಟುತ್ತೆ. ಎರಡು ಉಂಡೆ ಸೇರಿ ಜೋಡಿ, ಜೋಡಿಗಳು ಸೇರಿ ಗೊಂಚಲು, ಗೊಂಚಲಿಗೆ ಇನ್ನೊಂದು ಗೊಂಚಲು.

ನನಗೆ ತುಂಬ ಇಷ್ಟವಾದ ಭಾಗ ಇದು. ನೂರಕ್ಕೆ ಮೂರು ಪಾಲು ಪ್ರೋಟೀನು ಪಾತ್ರೆ ತುಂಬ ನೀರನ್ನು ಹೇಗೆ ಹಿಡಿದು ನಿಲ್ಲಿಸುತ್ತೆ? ಕಣಗಳು ಸೇರಿನಲ್ಲಿ ಕಡಲೆ ತುಂಬಿದ ಹಾಗೆ ಒತ್ತಾಗಿ ಕೂರಲ್ಲ. ಎಲ್ಲಿ ಮುಟ್ಟಿದವೋ ಅಲ್ಲೇ ಅಂಟಿ, ಕೊಂಬೆ ಕೊಂಬೆಯಾಗಿ ಬೆಳೀತವೆ. ಬೇಲಿಗೆ ಕಡಿದ ಜಾಲಿಮುಳ್ಳಿನ ಹೊರೆ ನೋಡಿದೀರಲ್ಲ? ಗಾಡಿ ತುಂಬ ಕಾಣುತ್ತೆ, ತೂಕ ಮಾತ್ರ ಇಲ್ಲ. 1984ರಲ್ಲಿ ವೈಟ್ಜ್ ಮತ್ತು ಒಲಿವೇರಿಯಾ ಎಂಬ ವಿಜ್ಞಾನಿಗಳು ನೀರಿನಲ್ಲಿ ತೇಲುವ ಚಿನ್ನದ ಕಣಗಳಲ್ಲಿ ಇದನ್ನು ಅಳೆದರು. (ಕೋಲಾರದವರ ಮುಂದೆ ಚಿನ್ನದ ಮಾತು ಎತ್ತದೆ ಇರೋಕಾಗುತ್ತಾ!) ಗಟ್ಟಿ ಗುಂಡಿನ ಅಗಲ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗಬೇಕು. ಅವರ ಗೊಂಚಲುಗಳಲ್ಲಿ ಆಗಿದ್ದು ಮೂರು ಪಟ್ಟು ಚಿಲ್ಲರೆ. ಬೆಳೆದಷ್ಟೂ ಒಳಗೆ ಖಾಲಿ ಜಾಗ ಹೆಚ್ಚು. ಮೊಸರಿನ ಗೊಂಚಲು ಇದಕ್ಕಿಂತ ಕೊಂಚ ಒತ್ತಾಗಿರುತ್ತೆ, ಆದರೆ ಬೆಳೆಯೋ ರೀತಿ ಇದೇ. ಕೊನೆಗೆ ಗೊಂಚಲುಗಳು ಒಂದನ್ನೊಂದು ಮುಟ್ಟಿ, ಪಾತ್ರೆಯ ಈ ಅಂಚಿಂದ ಆ ಅಂಚಿಗೆ ಒಂದೇ ಬಲೆಯಾಗುತ್ತೆ. ಅದೇ ಜೆಲ್. ಹೆಪ್ಪಾಗುವಾಗ ಪಾತ್ರೆ ಅಲ್ಲಾಡಿಸಬೇಡ ಅಂತ ಅಜ್ಜಿ ಬೈತಿದ್ದದ್ದು ಈ ಬಲೆ ಹರಿದು ನೀರು ಬಿಡುತ್ತೆ ಅಂತಲೇ.

ಬಿಸಿ ಹಾಲಿಗೆ ನಿಂಬೆಹುಳಿ ಹಿಂಡಿದರೆ ಆಗೋದೂ ಅಂಟೋದೇ. ಆದರೆ ಎಲ್ಲ ಒಂದೇ ಸಲಕ್ಕೆ. ಬಲೆ ಹರಡೋಕೆ ಪುರುಸೊತ್ತಿಲ್ಲ, ಗೊಂಚಲುಗಳು ಕುಗ್ಗಿ ನೀರು ಬೇರೆಯಾಗುತ್ತೆ.

ಇನ್ನು ಆ ಟ್ಯೂಬು. ಆಲ್ಕೋಹಾಲ್ ಮಾಡೋದು ಉಂಡೆಯ ಕೂದಲನ್ನು ಮಲಗಿಸೋ ಕೆಲಸ. ತಾಜಾ ಹಾಲು ತಡೆದುಕೊಳ್ಳುತ್ತೆ. ಹುಳಿ ತಿರುಗೋಕೆ ಶುರುವಾದ ಹಾಲು ತಡೆಯಲ್ಲ. ಹಾಗಾಗಿ ಪರೀಕ್ಷೆ ಉಪಯೋಗದ್ದೇ, ಕಾಯಿಸಿ ನೋಡೋದಕ್ಕಿಂತ ಸೂಕ್ಷ್ಮವೂ ಹೌದು. ಆದರೆ ಹುಳಿಯಾಗದ ಹಾಲೂ ಇದರಲ್ಲಿ ಸೋಲಬಹುದು. ಕೆಚ್ಚಲು ಬಾವು ಇದ್ದರೆ, ಗಿಣ್ಣು ಹಾಲು ಬೆರೆತಿದ್ದರೆ, ಹಾಲಿನ ಲವಣಾಂಶ ಏರುಪೇರಾಗಿ ಬಿಡಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಚೂರುಗಳು ಕಾಣಿಸ್ತವೆ. ಅಂದರೆ ಆ ಟ್ಯೂಬು ‘ಈ ಹಾಲಿನ ಕಣಗಳು ಅಂಟೋಕೆ ತಯಾರಾಗಿವೆ’ ಅಂತ ಹೇಳುತ್ತೆ ಅಷ್ಟೇ. ಯಾಕೆ ಅಂತ ಹೇಳಲ್ಲ. ರಾತ್ರಿ ಹಾಲು ಬೆರೆಸಿದ್ದೀಯ ಅನ್ನೋದು ಟ್ಯೂಬಿನ ಮಾತಲ್ಲ, ಟ್ಯೂಬು ಹಿಡಿದವರ ಮಾತು.

ಹೀಗಾದಾಗ ಆಮ್ಲೀಯತೆಯನ್ನೂ ಅಳೆಯಿರಿ ಅಂತ ಕೇಳಿ, ಹಸುವಿನ ಕೆಚ್ಚಲನ್ನು ಪಶುವೈದ್ಯರಿಗೆ ತೋರಿಸಿ ಅಂತ ಅಕ್ಕನಿಗೆ ಹೇಳಿದೆ. ಕೇಳಿಸಿಕೊಂಡು, ‘ಇದನ್ನ ಅವರಿಗೂ ಹೇಳ್ತೀರಾ ಸಾರ್?’ ಅಂದರು. ಅದಕ್ಕೇ ಈ ಎಪಿಸೋಡು.