ರಾಮಾಪುರ: ಠಾಣೆಯ ಆಚೆಗೂ ಒಂದು ಊರು

ಕೊಳ್ಳೇಗಾಲದಿಂದ ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟದತ್ತ ಸಾಗುವ ಹಾದಿಯಲ್ಲಿ ರಾಮಾಪುರ ಎದುರಾಗುತ್ತದೆ. ಹೊರಗಿನವರ ನೆನಪಿನಲ್ಲಿ ಈ ಹೋಬಳಿ ಕೇಂದ್ರಕ್ಕೆ ಉಳಿದಿರುವ ಹೆಗ್ಗುರುತು ಒಂದೇ, ಪೊಲೀಸ್ ಠಾಣೆ. 1992ರ ಮೇ ತಿಂಗಳ ಒಂದು ರಾತ್ರಿ ವೀರಪ್ಪನ್ ತಂಡ ಅಲ್ಲಿಗೆ ನುಗ್ಗಿ ಐವರು ಪೊಲೀಸರನ್ನು ಕೊಂದು, ಬಂದೂಕುಗಳನ್ನು ಹೊತ್ತೊಯ್ದಿತು. ಅದೇ ವರ್ಷದ ಆಗಸ್ಟ್ 14ರಂದು ಸಮೀಪದ ಮಿಣ್ಯಂ ಬಳಿ ಎಸ್ಪಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಸಿಬ್ಬಂದಿ ಹೊಂಚುದಾಳಿಗೆ ಬಲಿಯಾದರು.

ಊರಿನ ಚರಿತ್ರೆ ಆ ರಾತ್ರಿಯಿಂದ ಆರಂಭವಾದುದಲ್ಲ. 1956ರವರೆಗೆ ಕೊಳ್ಳೇಗಾಲ ಸೀಮೆ ಮದರಾಸಿನ ಆಡಳಿತಕ್ಕೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕನ್ನಡ ಮಾತನಾಡುವ ಹಳ್ಳಿಗಳಿಗೆ ಜಿಲ್ಲಾ ಕಚೇರಿ ಇದ್ದುದು ತಮಿಳು ಸೀಮೆಯಲ್ಲಿ. ರಾಜ್ಯ ಪುನರ್ವಿಂಗಡಣೆಯ ನಂತರ ಮೈಸೂರು ಜಿಲ್ಲೆ, 1997ರಲ್ಲಿ ಚಾಮರಾಜನಗರ ಜಿಲ್ಲೆ, ಈಚೆಗೆ ಹನೂರು ತಾಲ್ಲೂಕು. ವಿಳಾಸ ಮಾತ್ರ ಬದಲಾಯಿತು. ಅಂಚಿನ ಊರು ಅಂಚಿನಲ್ಲೇ ಉಳಿಯಿತು. ಇಂದಿಗೂ ಇಲ್ಲಿನ ಸಂತೆಮಾತಿನಲ್ಲಿ ಕನ್ನಡ ತಮಿಳುಗಳೆರಡೂ ಬೆರೆತಿರುತ್ತವೆ. ಶಿವರಾತ್ರಿ, ದೀಪಾವಳಿಗೆ ‘ಉಘೇ ಮಾದಪ್ಪ’ ಎನ್ನುತ್ತಾ ಬೆಟ್ಟಕ್ಕೆ ನಡೆಯುವವರಿಗಂತೂ ಈ ಯಾವ ಗಡಿಯೂ ಲೆಕ್ಕಕ್ಕಿಲ್ಲ.

ಕಾಡಂಚಿನ ಇಂಥ ಊರಿನಲ್ಲಿ ಸರ್ಕಾರವೆಂದರೆ ಬಹುಕಾಲ ಪೊಲೀಸ್ ಠಾಣೆ ಮತ್ತು ಅರಣ್ಯ ಕಚೇರಿ ಎಂದೇ ಅರ್ಥವಾಗಿತ್ತು. ಆದ್ದರಿಂದಲೇ ಆ ದಾಳಿ ಒಂದು ಕಟ್ಟಡದ ಮೇಲಿನ ದಾಳಿಗಷ್ಟೇ ಸೀಮಿತವಾಗಲಿಲ್ಲವೆಂದು ನನಗೆ ತೋರುತ್ತದೆ. ಅದಕ್ಕೆ ಸರ್ಕಾರ ಕೊಟ್ಟ ಉತ್ತರವೂ ಹಳ್ಳಿಗಳ ಮೇಲೆಯೇ ಬಿತ್ತು. ವೀರಪ್ಪನ್‌ಗೆ ಅಕ್ಕಿ, ಬೇಳೆ ಕೊಟ್ಟಿರಬಹುದೆಂಬ ಶಂಕೆಯೇ ಬಂಧನಕ್ಕೆ ಸಾಕಾದ ಕಾಲವದು. ಬಂದೂಕು ಹಿಡಿದು ಬಂದವನಿಗೆ ಇಲ್ಲವೆನ್ನುವುದು ಬಡ ರೈತನಿಗಾಗಲಿ ಸೋಲಿಗನಿಗಾಗಲಿ ಸಾಧ್ಯವಿತ್ತೇ ಎಂದು ಕೇಳಿದವರು ವಿರಳ. ಟಾಡಾ ಕಾಯ್ದೆಯಡಿ ನೂರಕ್ಕೂ ಹೆಚ್ಚು ಮಂದಿ ವರ್ಷಗಟ್ಟಲೆ ಮೈಸೂರಿನ ಜೈಲಿನಲ್ಲಿದ್ದರು. 2001ರಲ್ಲಿ ವಿಶೇಷ ನ್ಯಾಯಾಲಯ ಅವರಲ್ಲಿ ಬಹುತೇಕರನ್ನು ಖುಲಾಸೆಗೊಳಿಸಿತು. ಎರಡೂ ರಾಜ್ಯಗಳ ಕಾರ್ಯಪಡೆಗಳ ಮೇಲಿನ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಸೂಚಿಸಿತು.

2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದ. ಅವನ ಬಗ್ಗೆ ಸಿನಿಮಾಗಳು ಬಂದಿವೆ, ಪುಸ್ತಕಗಳು ಬಂದಿವೆ, ಈಗ ಸಾಕ್ಷ್ಯಚಿತ್ರ ಸರಣಿಗಳೂ ಬಂದಿವೆ. (ಅವನ ಮೀಸೆಗೆ ದೊರೆತಷ್ಟು ಪ್ರಚಾರ ಈ ಸೀಮೆಯ ಯಾವ ಶಾಲೆಗೂ ದೊರೆತಿಲ್ಲ.) ಹುತಾತ್ಮ ಪೊಲೀಸರನ್ನು ಪ್ರತಿ ಅಕ್ಟೋಬರ್ 21ರಂದು ಇಲಾಖೆ ಸ್ಮರಿಸುತ್ತದೆ; ಅದು ಸರಿಯಾದುದೇ. ಆದರೆ ಖುಲಾಸೆಯಾಗಿ ಬರಿಗೈಯಲ್ಲಿ ಊರಿಗೆ ಮರಳಿದವರ ಕಥೆ ಅದೇ ಚರಿತ್ರೆಯ ಇನ್ನೊಂದು ಪುಟ. ಎರಡನ್ನೂ ಒಟ್ಟಿಗೆ ಬರೆಯದೆ ರಾಮಾಪುರದ ಇತಿಹಾಸ ಪೂರ್ಣವಾಗದು.

ಅಂದು ಮೂವತ್ತು, ನಲವತ್ತರ ವಯಸ್ಸಿನಲ್ಲಿದ್ದವರು ಇಂದು ಅರವತ್ತು, ಎಪ್ಪತ್ತು ದಾಟಿದ್ದಾರೆ. ಅವರ ಮಾತುಗಳನ್ನು ಧ್ವನಿಮುದ್ರಿಸಿಡಲು ದೊಡ್ಡ ಅನುದಾನವೇನೂ ಬೇಕಿಲ್ಲ. ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಒಂದು ಬೇಸಿಗೆ ರಜೆಯನ್ನು ಇದಕ್ಕೆ ಮೀಸಲಿಟ್ಟರೂ ಸಾಕು, ಕೆಲಸ ಆರಂಭವಾಗುತ್ತದೆ.