ಐಸ್‌ಕ್ರೀಮಿನ ಹೊರಗಿನ ಉಪ್ಪು

ನಾವು ಚಿಕ್ಕವರಿದ್ದಾಗ ಕುಲ್ಫಿಯವನು ಕೆಂಪು ಬಟ್ಟೆ ಸುತ್ತಿದ ಮಡಕೆ ಹೊತ್ತು ಬೀದಿಗೆ ಬರುತ್ತಿದ್ದ. ಮಡಕೆಯೊಳಗೆ ಕೈಹಾಕಿ ತಗಡಿನ ಅಚ್ಚೊಂದನ್ನು ಎತ್ತಿ, ಅಂಗೈಗಳ ನಡುವೆ ಎರಡು ಸಲ ಹೊಸೆದು ಕುಲ್ಫಿ ಬಿಡಿಸಿ ಕೊಡುತ್ತಿದ್ದ. ಅವನ ಕೈಯಿಂದ ತೊಟ್ಟಿಕ್ಕಿದ ನೀರು ತಾಗಿದರೆ ಮೊದಲ ತುತ್ತು ಉಪ್ಪುಪ್ಪು. ‘ಬೆವರು ಕಣೋ, ತಿನ್ನಬೇಡ’ ಎಂದು ಅಜ್ಜಿ ಗದರುತ್ತಿದ್ದರು. ಪಾಪ, ಅದು ಬೆವರಲ್ಲ. ಮಡಕೆಯೊಳಗಿನ ಮಂಜುಗಡ್ಡೆಗೆ ಅವನು ಬೆರೆಸಿದ್ದ ಕಲ್ಲುಪ್ಪು.

ಹಾಲಿನ ಡಬ್ಬಿಯನ್ನು ಬರೀ ಮಂಜುಗಡ್ಡೆಯಲ್ಲಿ ಹುಗಿದಿಟ್ಟರೆ ಹಾಲು ತಣ್ಣಗಾಗುತ್ತದೆ, ಗಟ್ಟಿಯಾಗುವುದಿಲ್ಲ. ಕರಗುತ್ತಿರುವ ಮಂಜುಗಡ್ಡೆಯ ಉಷ್ಣತೆ ಸೊನ್ನೆ ಡಿಗ್ರಿ ಸೆಲ್ಸಿಯಸ್. ಸಕ್ಕರೆ ಬೆರೆತ ಹಾಲು ಗಡ್ಡೆ ಕಟ್ಟಲು ಅದಕ್ಕಿಂತ ಎರಡು ಮೂರು ಡಿಗ್ರಿಯಾದರೂ ಕೆಳಗಿಳಿಯಬೇಕು. ಇಲ್ಲೇ ಉಪ್ಪು ನೆರವಿಗೆ ಬರುವುದು. ಮಂಜುಗಡ್ಡೆಯ ಮೈಮೇಲೆ ನೀರಿನ ಅಣುಗಳು ಸದಾ ಕಳಚಿಕೊಳ್ಳುತ್ತಿರುತ್ತವೆ, ಮತ್ತೆ ಬಂದು ಅಂಟಿಕೊಳ್ಳುತ್ತಿರುತ್ತವೆ. ಸೊನ್ನೆ ಡಿಗ್ರಿಯಲ್ಲಿ ಹೋಗುವವು ಬರುವವು ಸಮಸಮ. ನೀರಿನಲ್ಲಿ ಉಪ್ಪು ಕರಗಿತೋ, ವಾಪಸು ಬರುವವುಗಳಿಗೆ ಅಡ್ಡಿಯಾಗುತ್ತದೆ. ಹೊರಡುವವು ಹೊರಡುತ್ತಲೇ ಇರುತ್ತವೆ. ಅಂದರೆ ಸೊನ್ನೆಗಿಂತ ತಣ್ಣಗಿದ್ದರೂ ಗಡ್ಡೆ ಕರಗುತ್ತಲೇ ಹೋಗುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಹೊರಗಿನ ಶಾಖಕ್ಕೆ ಮಡಕೆಯ ಬಟ್ಟೆ ತಡೆ. ಉಳಿದದ್ದು ಅಚ್ಚಿನೊಳಗಿನ ಹಾಲು. ಅದರ ಶಾಖವನ್ನೇ ಹೀರಿಕೊಂಡು ಗಡ್ಡೆ ಕರಗುತ್ತದೆ, ಹಾಲು ಕಟ್ಟುತ್ತದೆ. ಹದವಾಗಿ ಉಪ್ಪು ಬೆರೆಸಿದ ಮಂಜುಗಡ್ಡೆ ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು.

ಫ್ಯಾರನ್‌ಹೀಟ್ 1724ರಲ್ಲಿ ತನ್ನ ಉಷ್ಣಮಾಪಕದ ಸೊನ್ನೆಯನ್ನು ಗುರುತಿಸಿದ್ದೂ ಇಂಥದೇ ಮಿಶ್ರಣದಿಂದ: ಮಂಜುಗಡ್ಡೆ, ನೀರು, ಜೊತೆಗೆ ನವಸಾಗರ. ಪಾತ್ರೆಗಳಿಗೆ ಕಲಾಯಿ ಹಾಕುವವರು ಉಜ್ಜುತ್ತಾರಲ್ಲ, ಅದೇ ನವಸಾಗರ. ಅಕ್ಬರನ ಅರಮನೆಯಲ್ಲಿ ಕುಡಿಯುವ ನೀರನ್ನು ತಂಪು ಮಾಡಲು ಪೆಟ್ಲುಪ್ಪು ಬಳಸುತ್ತಿದ್ದರೆಂದು ‘ಐನ್-ಇ-ಅಕ್ಬರಿ’ಯಲ್ಲಿ ಅಬುಲ್ ಫಜಲ್ ಬರೆದಿದ್ದಾನೆ. ಕೋವಿಮದ್ದಿನಲ್ಲಿ ಬೆಂಕಿ ಕಾರುವ ವಸ್ತುವೇ ನೀರಿನಲ್ಲಿ ಕರಗುವಾಗ ಶಾಖ ಹೀರುತ್ತದೆ. ಇನ್ನು ಮಾರ್ಕೊ ಪೋಲೊ ಚೀನಾದಿಂದ ಇಟಲಿಗೆ ಐಸ್‌ಕ್ರೀಮ್ ತಂದನೆಂಬ ಕಥೆ ಎಲ್ಲ ಕಡೆ ಸಿಗುತ್ತದೆ. ಚೆಂದದ ಕಥೆ, ಆಧಾರ ಮಾತ್ರ ಇಲ್ಲ.

ಉಪ್ಪೇನೋ ಅಗ್ಗ, ಸೆಖೆಯ ದೇಶದಲ್ಲಿ ಮಂಜುಗಡ್ಡೆಗೆ ಎಲ್ಲಿಗೆ ಹೋಗುವುದು? 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಕೆರೆಯ ಹಿಮವನ್ನು ಹಡಗಿಗೆ ತುಂಬಿ ಕಲ್ಕತ್ತೆಗೆ ಕಳಿಸಿದ. ಹೊರಟಾಗ ಸುಮಾರು 180 ಟನ್. ನಾಲ್ಕು ತಿಂಗಳು ಕಡಲಲ್ಲಿ ತೇಲಿ ಬಂದ ಮೇಲೂ ಸುಮಾರು 100 ಟನ್ ಉಳಿದಿತ್ತು. ಮದರಾಸಿನ ಕಡಲ ದಂಡೆಯಲ್ಲಿ ಅವನ ಹಿಮದ ಉಗ್ರಾಣ ಇಂದಿಗೂ ನಿಂತಿದೆ. 1897ರಲ್ಲಿ ವಿವೇಕಾನಂದರು ಅಲ್ಲಿ ಉಳಿದುಕೊಂಡಿದ್ದರಿಂದ ಅದೀಗ ಅವರ ಹೆಸರಿನ ಸ್ಮಾರಕ.

ಹೊರಗೆ ಉಪ್ಪು ಮಾಡಿದ ಕೆಲಸವನ್ನೇ ಒಳಗೆ ಸಕ್ಕರೆ ಮಾಡುತ್ತದೆ. ಮಿಶ್ರಣದ ನೀರು ಗಡ್ಡೆಯಾಗುವಾಗ ಸಕ್ಕರೆಯನ್ನು ಹೊರಗಿಟ್ಟು ತಾನೊಂದೇ ಗಡ್ಡೆಯಾಗುತ್ತದೆ. ಉಳಿದ ಪಾಕ ಇನ್ನಷ್ಟು ಸಿಹಿಯಾಗಿ, ಕಟ್ಟುವುದಕ್ಕೆ ಇನ್ನಷ್ಟು ಹಟ ಹಿಡಿಯುತ್ತದೆ. ಹಾಗಾಗಿ ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲೂ ಐಸ್‌ಕ್ರೀಮಿನ ನೀರೆಲ್ಲ ಗಡ್ಡೆಯಾಗಿರುವುದಿಲ್ಲ. ಚಮಚ ಇಳಿಯುವುದು ಆ ಪಾಕದ ದಯೆಯಿಂದ. ಆರೋಗ್ಯದ ಕಾಳಜಿಯಿಂದ ಸಕ್ಕರೆ ಅರ್ಧಕ್ಕಿಳಿಸಿ ಮನೆಯಲ್ಲಿ ಐಸ್‌ಕ್ರೀಮ್ ಮಾಡಿದವರು ಇಟ್ಟಿಗೆ ತಿಂದಿರುತ್ತಾರೆ.

ನುಣುಪಿನ ಲೆಕ್ಕ ಬೇರೆ. ಹಿಮದ ಹರಳು ಸುಮಾರು 50 ಮೈಕ್ರಾನ್ ದಾಟಿದರೆ, ಅಂದರೆ ಕೂದಲೆಳೆಯ ದಪ್ಪಕ್ಕೆ ಹತ್ತಿರವಾದರೆ, ನಾಲಿಗೆಗೆ ಮರಳು ಮರಳು. ಹರಳು ಬೆಳೆಯಲು ಬಿಡದಂತೆ ಕಡೆಯುತ್ತಲೇ ಇರಬೇಕು. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬಾಕೆ ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರಕ್ಕೆ ಪೇಟೆಂಟ್ ಪಡೆದಳು. ಕಡೆದಷ್ಟೂ ಗಾಳಿಯೂ ಸೇರಿಕೊಳ್ಳುತ್ತದೆ. ನಮ್ಮ ದೇಶದ ನಿಯಮದಂತೆ ಒಂದು ಲೀಟರ್ ಐಸ್‌ಕ್ರೀಮ್ ಕನಿಷ್ಠ 525 ಗ್ರಾಂ ತೂಗಿದರೆ ಸಾಕು. ಅಂದರೆ ಡಬ್ಬಿಯ ಅರ್ಧದಷ್ಟು ಗಾಳಿಯೇ ಇರಬಹುದು! ಕುಲ್ಫಿಯನ್ನು ಕಡೆಯುವುದಿಲ್ಲ, ಹಾಲನ್ನು ಕುದಿಸಿ ಕುದಿಸಿ ನೀರನ್ನೇ ಇಳಿಸುತ್ತಾರೆ. ಅದು ಕೈಗೆ ಭಾರ, ಕರಗುವುದೂ ನಿಧಾನ. ನನ್ನ ಓಟು ಅದಕ್ಕೇ.

ಕರೆಂಟ್ ಹೋಗಿ ಕರಗಿದ ಐಸ್‌ಕ್ರೀಮನ್ನು ಮತ್ತೆ ಗಟ್ಟಿ ಮಾಡಲು ಹೋಗಬೇಡಿ. ಕಡೆಯುವವರಿಲ್ಲದೆ ಹರಳುಗಳು ದಪ್ಪಗಾಗುತ್ತವೆ, ಗಾಳಿಯೂ ಅಷ್ಟರಲ್ಲಿ ಹೋಗಿರುತ್ತದೆ. ಅದರ ಬದಲು ಒಂದು ಗುಟುಕು ಕುಡಿದು ನೋಡಿ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಅಷ್ಟಾಗಿ ತಿಳಿಯುವುದಿಲ್ಲ. ಈಗ ಗಂಟಲು ಕಟ್ಟುತ್ತದಲ್ಲ, ಅಷ್ಟೂ ಸಕ್ಕರೆ ಮೊದಲಿನಿಂದಲೂ ಅದರಲ್ಲೇ ಇತ್ತು.