ಒಮೆಗಾ ಮಾತ್ರೆ: ಕೊಳ್ಳುವ ಮುನ್ನ ಡಬ್ಬಿ ತಿರುಗಿಸಿ ನೋಡಿ

ಮೆಡಿಕಲ್ ಶಾಪ್‌ಗೆ ಹೋದರೆ ಕೌಂಟರ್ ಮೇಲೇ ಕಾಣಿಸುತ್ತೆ, ಜೇನುಬಣ್ಣದ ಮೀನೆಣ್ಣೆ ಮಾತ್ರೆಗಳ ಡಬ್ಬಿ. ಪಕ್ಕದ ಮನೆಯವರು ಕೂದಲು ಉದುರುತ್ತೆ ಅಂತ ನುಂಗುತ್ತಿದ್ದಾರೆ, ನಾದಿನಿ ಮಂಡಿನೋವಿಗೆ ತಗೋತಾಳೆ, ಯಜಮಾನರಿಗೆ ಆಫೀಸಿನಲ್ಲಿ ಯಾರೋ ‘ಹಾರ್ಟಿಗೆ ಒಳ್ಳೆಯದು’ ಅಂದಿದ್ದಾರೆ. ನಾವೂ ಶುರು ಮಾಡೋಣವೇ ಎಂದು ನಿಮಗೂ ಅನ್ನಿಸಿರಬಹುದು. ತಿಂಗಳ ಲೆಕ್ಕಕ್ಕೆ ಇನ್ನೊಂದು ಖರ್ಚು ಸೇರಿಸುವ ಮೊದಲು ಸ್ವಲ್ಪ ತಿಳಿದುಕೊಳ್ಳಿ.

ಒಮೆಗಾ-3 ಒಂದು ಬಗೆಯ ಕೊಬ್ಬಿನಾಮ್ಲ. ಕೊಬ್ಬು ಅಂದ ಕೂಡಲೇ ಗಾಬರಿ ಬೇಡ, ಇದು ದೇಹಕ್ಕೆ ಬೇಕೇ ಬೇಕು. ಇದರಲ್ಲಿ ಮುಖ್ಯವಾದವು ಮೂರು. ಎಎಲ್‌ಎ ಎಂಬುದು ಅಗಸೆ ಬೀಜ, ಅಕ್ರೋಟಿನಲ್ಲಿದೆ. ಇಪಿಎ ಮತ್ತು ಡಿಎಚ್‌ಎ ಬಂಗುಡೆ, ಬೂತಾಯಿಯಂಥ ಮೀನುಗಳಲ್ಲಿವೆ. ಮಿದುಳಿಗೂ ಕಣ್ಣಿನ ರೆಟಿನಾಕ್ಕೂ ಬೇಕಾದದ್ದು ಡಿಎಚ್‌ಎ. ಎಎಲ್‌ಎಯಿಂದ ಉಳಿದೆರಡನ್ನು ದೇಹ ತಾನೇ ತಯಾರಿಸಿಕೊಳ್ಳುತ್ತೆ ನಿಜ, ಆದರೆ ತೀರಾ ಸ್ವಲ್ಪ.

ಇನ್ನು ಹೃದಯದ ವಿಷಯ. ಅಮೆರಿಕದಲ್ಲಿ ಸುಮಾರು 26 ಸಾವಿರ ಜನರ ಮೇಲೆ ಐದು ವರ್ಷ ನಡೆದ ‘ವೈಟಲ್’ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ದಿನಕ್ಕೊಂದು ಗ್ರಾಂ ಮೀನೆಣ್ಣೆ ಮಾತ್ರೆ ತೆಗೆದುಕೊಂಡವರಿಗೂ ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಿಗೂ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಎಲ್ಲ ಒಟ್ಟು ಸೇರಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅದೇ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ, ಟ್ರೈಗ್ಲಿಸರೈಡ್ ಹೆಚ್ಚಿರುವ ರೋಗಿಗಳಿಗೆ ದಿನಕ್ಕೆ 4 ಗ್ರಾಂ ಶುದ್ಧ ಇಪಿಎ ಔಷಧಿ ಕೊಟ್ಟಾಗ ಲಾಭ ಕಂಡಿತು. ಜೊತೆಗೆ ಕೆಲವರಲ್ಲಿ ಎದೆಬಡಿತದ ಏರುಪೇರೂ ಹೆಚ್ಚಾಯಿತು. ಅದು ಡಾಕ್ಟರು ಬರೆದುಕೊಡಬೇಕಾದ ಔಷಧಿ, ನಾವು ನೀವು ಅಂಗಡಿಯಿಂದ ತರುವ ಡಬ್ಬಿಯಲ್ಲ. ಕೂದಲಿಗಂತೂ ಗಟ್ಟಿ ಪುರಾವೆ ಇಲ್ಲ ಬಿಡಿ.

ಮನೆಯಲ್ಲಿ ಬಸುರಿ ಇದ್ದರೆ ಮಾತು ಬೇರೆ. 70 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2018ರ ವಿಮರ್ಶೆಯ ಪ್ರಕಾರ ಒಮೆಗಾ-3 ತೆಗೆದುಕೊಂಡವರಲ್ಲಿ ದಿನ ತುಂಬುವ ಮೊದಲೇ ಹೆರಿಗೆ ಆಗುವುದು ಕಡಿಮೆ. ಮಗು ಜಾಣ ಆಗುತ್ತೆ ಅನ್ನುವುದಕ್ಕೆ ಮಾತ್ರ ಅಷ್ಟು ಆಧಾರವಿಲ್ಲ. ಹೆರಿಗೆ ಡಾಕ್ಟರನ್ನೇ ಕೇಳಿ. ಕಾಡ್ ಲಿವರ್ ಎಣ್ಣೆಯನ್ನು ಮಾತ್ರ ನೀವಾಗಿಯೇ ಕೊಡಬೇಡಿ. ಅದರಲ್ಲಿರುವ ಎ ವಿಟಮಿನ್ ಅತಿಯಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.

ಕೊಳ್ಳಲೇಬೇಕೆಂದಿದ್ದರೆ ಡಬ್ಬಿಯ ಹಿಂಭಾಗ ಓದಿ. ಮುಂದುಗಡೆ ದಪ್ಪಕ್ಷರದಲ್ಲಿ 1000 ಮಿ.ಗ್ರಾಂ ಅಂತಿರುತ್ತೆ, ಅದು ಒಟ್ಟು ಮೀನೆಣ್ಣೆಯ ತೂಕ. ಸಾಧಾರಣ ಮಾತ್ರೆಯಲ್ಲಿ ಇಪಿಎ 180, ಡಿಎಚ್‌ಎ 120, ಅಂದರೆ ನಮಗೆ ಬೇಕಾದದ್ದು 300 ಮಿ.ಗ್ರಾಂ ಮಾತ್ರ! ಸಸ್ಯಾಹಾರಿಗಳಿಗೆ ಪಾಚಿಯಿಂದ ತೆಗೆದ ಡಿಎಚ್‌ಎ ಸಿಗುತ್ತೆ, ಆದರೆ ಹೊರಗಿನ ಕವಚ ಜಿಲೆಟಿನ್‌ದೋ ಏನೋ ನೋಡಿಕೊಳ್ಳಿ. ರಕ್ತ ತೆಳುವಾಗುವ ಮಾತ್ರೆ ನುಂಗುವ ಅತ್ತೆ-ಮಾವ ಇದ್ದರೆ ಡಾಕ್ಟರನ್ನು ಕೇಳದೆ ಕೊಡಲೇಬೇಡಿ, ರಕ್ತಸ್ರಾವದ ಭಯವಿದೆ.

ಮೀನು ತಿನ್ನುವವರು ವಾರಕ್ಕೆರಡು ಸಲ ಬಂಗುಡೆಯನ್ನೋ ಬೂತಾಯಿಯನ್ನೋ ಸಾರು ಮಾಡಿದರೆ ಸಾಕು, ಎಣ್ಣೆಯಲ್ಲಿ ಕರಿಯಬೇಡಿ. ತಿನ್ನದವರಿಗೆ ಉತ್ತರ ಕರ್ನಾಟಕದ ಅಗಸಿ ಚಟ್ನಿಯೇ ಇದೆಯಲ್ಲ. ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲಿ ಸುಮಾರು ಒಂದೂವರೆ ಗ್ರಾಂ ಎಎಲ್‌ಎ ಸಿಗುತ್ತೆ, ಹೆಂಗಸರಿಗೆ ದಿನಕ್ಕೆ ಬೇಕಾದದ್ದು 1.1 ಗ್ರಾಂ. ಬೀಜವನ್ನು ಇಡಿಯಾಗಿ ನುಂಗಿದರೆ ಅರಗದೆ ಹಾಗೇ ಹೋಗುತ್ತೆ, ಪುಡಿ ಮಾಡಲೇಬೇಕು. ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಚೂರು ಹುಣಸೆಹಣ್ಣು, ಉಪ್ಪು ಹಾಕಿ ತರಿತರಿಯಾಗಿ ಕುಟ್ಟಿ. ಬಿಸಿ ರೊಟ್ಟಿಗೆ, ಮೊಸರನ್ನಕ್ಕೆ ಚೆನ್ನಾಗಿರುತ್ತೆ. ಬೇಗ ಕಮಟು ವಾಸನೆ ಬರುವುದರಿಂದ ವಾರಕ್ಕಾಗುವಷ್ಟೇ ಮಾಡಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ.